ತಲೆ ತೆಗೆದ ಮೀನಿಗೆ ಯಾವ ಹೆಸರೂ ಅಂಟುತ್ತದೆ

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಮನೆಬಾಗಿಲಿಗೆ ಮೀನು ತಲುಪಿಸುವ ಅಂಗಡಿಯೊಂದರಿಂದ ಒಂದು ಕಿಲೋ ಅಂಜಲ್ ತುಂಡು ತರಿಸಿದ್ದೆವು. ಹುರಿದು ಬಡಿಸಿದಾಗ ಕುಂದಾಪುರದಿಂದ ಬಂದಿದ್ದ ನಮ್ಮ ಅತ್ತೆಯವರು ಒಂದು ತುತ್ತು ತಿಂದು ‘ಇದು ಅಂಜಲ್ ಅಲ್ಲ’ ಎಂದರು. ಅಂಗಡಿಗೆ ಫೋನ್ ಮಾಡಿದರೆ ‘ಅಂಜಲ್‌ನಲ್ಲೇ ಇದು ಬೇರೆ ಜಾತಿ’ ಎಂಬ ಉತ್ತರ ಬಂತು. ಹೀಗೆ ಮೀನು ಬದಲಾಯಿಸಿ ಕೊಡುವುದು ನಿಜವಾಗಿಯೂ ನಡೆಯುತ್ತದೆಯೇ? ತುಂಡು ನೋಡಿ ಗುರುತಿಸುವುದು ಹೇಗೆ? ಆರೋಗ್ಯಕ್ಕೆ ತೊಂದರೆ ಉಂಟೇ? ದೂರು ಕೊಡಬಹುದೇ?

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಂಗೊಳ್ಳಿ, ಕುಂದಾಪುರ, ಮಲ್ಪೆ ಕಡೆಯ ಮನೆಗಳಲ್ಲಿ ಬೆಳೆದವರು ಅಂಜಲ್‌ನ ರುಚಿಯಲ್ಲಿ ತಪ್ಪುವುದು ಕಡಿಮೆ. ಆದರೆ ಅಂಗಡಿಯವರ ಉತ್ತರ ಪೂರ್ತಿ ಸುಳ್ಳೇ ಆಗಿರಬೇಕೆಂದೂ ಇಲ್ಲ. ನಮ್ಮ ಕಡಲಿನಲ್ಲಿ ಅಂಜಲ್ ಎಂದು ಕರೆಸಿಕೊಳ್ಳುವ ಮೀನು ಒಂದೇ ಜಾತಿಯದಲ್ಲ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಅಲೆಅಲೆಯಾಗಿ ಇಳಿಯುವ ಕಪ್ಪು ಪಟ್ಟೆಗಳಿರುವುದು ಎಲ್ಲರೂ ಬಯಸುವ ದೊಡ್ಡ ಅಂಜಲ್. ಪಟ್ಟೆಯ ಬದಲು ಪಕ್ಕೆಯ ಮೇಲೆ ಸಾಲುಸಾಲು ಚುಕ್ಕೆಗಳಿರುವುದು ಇನ್ನೊಂದು. ತುಂಡುತುಂಡಾದ ಉದ್ದ ಗೆರೆಗಳಿರುವುದು ಮತ್ತೊಂದು. ಮೂರೂ ಒಂದೇ ಕುಲದವು. ಬೆಲೆಯಲ್ಲಿ ಹೆಚ್ಚುಕಡಿಮೆ ಉಂಟು, ಆದರೆ ಅಂಜಲ್ ಎಂಬ ಹೆಸರಿಗೆ ಮೂರಕ್ಕೂ ಹಕ್ಕಿದೆ. ಆಳ ಕಡಲಿನ ವಾಹೂ ಇವುಗಳ ಹತ್ತಿರದ ಸಂಬಂಧಿ. ಮೀನು ಹಿಡುವಳಿಯ ಲೆಕ್ಕ ಬರೆಯುವಾಗ ಅದನ್ನೂ ಇದೇ ಗುಂಪಿಗೆ ಸೇರಿಸುತ್ತಾರೆ. ಮೋಸ ಶುರುವಾಗುವುದು ಇವುಗಳ ಆಚೆಗೆ: ಬರಾಕುಡ, ಕೋಬಿಯಾ, ಕ್ವೀನ್‌ಫಿಶ್, ಕೆಲವೊಮ್ಮೆ ತಾಟೆ (ಶಾರ್ಕ್) ಕೂಡ ತುಂಡಾಗಿ ಅಂಜಲ್‌ನ ಬೆಲೆಗೆ ಏರಿದಾಗ. ಆದ್ದರಿಂದ ‘ಬೇರೆ ಜಾತಿ’ ಎಂದವರನ್ನು ಅಲ್ಲಿಗೇ ಬಿಡಬೇಡಿ. ಯಾವ ಜಾತಿ, ಯಾವ ಬಂದರಿನಿಂದ ಬಂದದ್ದು ಎಂದು ಕೇಳಿ. ಅಂಜಲ್ ಮಾರುವವರಿಗೆ ಅದು ಗೊತ್ತಿರಲೇಬೇಕು.

ಮೀನು ಬದಲಾಯಿಸಿ ಕೊಡುವುದು ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ನಡೆಯುತ್ತದೆ, ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ ರೆಡ್ ಸ್ನ್ಯಾಪರ್ ಎಂದು ಮಾರುತ್ತಿದ್ದ ಮೀನನ್ನು ಡಿಎನ್‌ಎ ಪರೀಕ್ಷೆಗೆ ಒಡ್ಡಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೇರೆ ಮೀನೇ ಆಗಿತ್ತು. ಓಷಿಯಾನಾ ಎಂಬ ಸಂಸ್ಥೆ ಅದೇ ದೇಶದ 21 ರಾಜ್ಯಗಳಿಂದ 1,215 ಮಾದರಿಗಳನ್ನು ಒಟ್ಟುಮಾಡಿ 2013ರಲ್ಲಿ ಹೊರತಂದ ವರದಿ ಇನ್ನೂ ಪ್ರಸಿದ್ಧ. ಅದರಲ್ಲಿ ಮೂರರಲ್ಲಿ ಒಂದು ಮಾದರಿಯ ಹೆಸರು ತಪ್ಪಾಗಿತ್ತು. ಭಾರತದ ಮಾರುಕಟ್ಟೆಯ ಮೀನು ಮತ್ತು ಮೀನಿನ ಉತ್ಪನ್ನಗಳ ಮೇಲೆ ಇದೇ ಬಗೆಯ ಪರೀಕ್ಷೆ ನಡೆಸಿ ನಮ್ಮ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 22ರಷ್ಟು ಮಾದರಿಗಳ ಹೆಸರು ಹೊಂದಲಿಲ್ಲ.

ಈ ಅಂಕಿಗಳನ್ನು ಓದಿ ನೀವು ಕೊಳ್ಳುವ ಪ್ರತಿ ಮೂರನೆಯ ಮೀನೂ ನಕಲಿ ಎಂದು ತಿಳಿಯಬಾರದು. ಸಂಶೋಧಕರು ಸಾಮಾನ್ಯವಾಗಿ ಸಂಶಯ ಇರುವ ಕಡೆಗೇ ಮೊದಲು ಕೈಹಾಕುತ್ತಾರೆ. ಬಂಗುಡೆಯನ್ನು ಯಾರೂ ಬದಲಾಯಿಸುವುದಿಲ್ಲ, ಬೂತಾಯಿಯನ್ನೂ ಬದಲಾಯಿಸುವುದಿಲ್ಲ. ಅವು ಅಗ್ಗ, ಇಡಿಯಾಗಿಯೇ ಮಾರಾಟವಾಗುತ್ತವೆ, ಕೊಳ್ಳುವವರಿಗೆ ಅವುಗಳ ಮುಖದ ಪರಿಚಯವಿದೆ. ಬದಲಾಟ ನಡೆಯಲು ಎರಡು ಸಂಗತಿಗಳು ಕೂಡಿಬರಬೇಕು. ಒಂದು, ಅಸಲಿ ಮೀನಿನ ಬೆಲೆಗೂ ಬದಲಿ ಮೀನಿನ ಬೆಲೆಗೂ ದೊಡ್ಡ ಅಂತರವಿರಬೇಕು. ಇನ್ನೊಂದು, ಮೀನಿನ ಗುರುತು ಹೇಳುವ ತಲೆ, ಬಾಲ, ಚರ್ಮ ಮಾಯವಾಗಿರಬೇಕು. ಅಂಜಲ್, ಮಾಂಜಿ (ಪಾಂಫ್ರೆಟ್), ಮುರು ಮೀನುಗಳ ಸುತ್ತ ಇಷ್ಟು ಸಂಶಯ ಹುಟ್ಟಿಕೊಳ್ಳುವುದು ಇದಕ್ಕಾಗಿಯೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೀನಿನ ಮೋಸ ಎಂದ ಕೂಡಲೇ ಜನ ಬೆರಳು ತೋರಿಸುವುದು ಬುಟ್ಟಿ ಮುಂದಿಟ್ಟುಕೊಂಡು ಕೂತ ಮೀನುಗಾರ ಹೆಂಗಸರ ಕಡೆಗೆ. ಇದು ಅನ್ಯಾಯ. ಮಂಗಳೂರಿನ ಧಕ್ಕೆಯಲ್ಲೋ ಉಡುಪಿಯ ಮಾರುಕಟ್ಟೆಯಲ್ಲೋ ಆಕೆಯ ಮೀನು ತಲೆ, ಬಾಲ, ಕಿವಿರು ಎಲ್ಲದರೊಡನೆ ಬಯಲಿನಲ್ಲಿ ಬಿದ್ದಿರುತ್ತದೆ. ಕೊಳ್ಳಲು ಬರುವವರಲ್ಲಿ ಅರ್ಧ ಜನ ಆಕೆಯಷ್ಟೇ ಮೀನು ಬಲ್ಲವರು. ನಾಳೆಯೂ ಅದೇ ಜಾಗದಲ್ಲಿ ಕೂರಬೇಕಾದ ಆಕೆ ಹೆಸರಿನಲ್ಲಿ ಮೋಸ ಮಾಡಲು ಹೋಗುವುದಿಲ್ಲ. ಬೆಲೆಯಲ್ಲಿ ಚೌಕಾಸಿ ಇರಬಹುದು, ನಿನ್ನೆಯ ಮೀನನ್ನು ಇಂದಿನದೆಂದು ಹೇಳುವುದೂ ಇರಬಹುದು, ಅದು ಬೇರೆ ಮಾತು. ಹೆಸರು ಬದಲಾಗುವುದು ಹೆಚ್ಚಾಗಿ ಬಂದರಿನಿಂದ ದೂರದಲ್ಲಿ, ಗಿರಾಕಿಯ ಕಣ್ಣಿಗೆ ಬೀಳದ ಕೊಯ್ಯುವ ಕೋಣೆಗಳಲ್ಲಿ, ಹೋಟೆಲಿನ ಅಡುಗೆಮನೆಗಳಲ್ಲಿ. ಎಲ್ಲವೂ ಬೇಕೆಂದೇ ಮಾಡಿದ್ದಾಗಿರುವುದಿಲ್ಲ ಎನ್ನುವುದೂ ನಿಜ. ಬೆಂಗಳೂರಿಗೆ ಮಂಗಳೂರಿನಿಂದ ಮಾತ್ರವಲ್ಲ, ಚೆನ್ನೈ, ಕೊಚ್ಚಿ, ವಿಶಾಖಪಟ್ಟಣಗಳಿಂದಲೂ ಮೀನು ಬರುತ್ತದೆ. ಒಂದೊಂದು ಊರಿಗೆ ಒಂದೊಂದು ಹೆಸರು. ಪೆಟ್ಟಿಗೆಯಲ್ಲಿ ಬೆರೆತು ಬಂದದ್ದನ್ನು ಮೀನಿನ ಪರಿಚಯವೇ ಇಲ್ಲದ ಹುಡುಗನೊಬ್ಬ ಕೊಯ್ದು, ಆ್ಯಪ್‌ನಲ್ಲಿರುವ ನಾಲ್ಕು ಹೆಸರುಗಳಲ್ಲಿ ಒಂದರ ಚೀಟಿ ಅಂಟಿಸುತ್ತಾನೆ. ಹಣ ಕೊಟ್ಟ ನಿಮಗೆ ಮಾತ್ರ ಎರಡರಿಂದಲೂ ಆಗುವ ನಷ್ಟ ಒಂದೇ.

ಈಗ ತುಂಡಿನ ಗುರುತಿಗೆ ಬರೋಣ. ಚರ್ಮ ಸುಲಿದ, ಮುಳ್ಳು ತೆಗೆದ ತುಂಡನ್ನು ಬರಿಗಣ್ಣಿನಿಂದ ಗುರುತಿಸಲು ನನ್ನಿಂದಲೂ ಆಗದು, ಆಗುತ್ತದೆ ಎನ್ನುವವರನ್ನು ನಂಬಬೇಡಿ. ಆದರೆ ಚರ್ಮ ಮತ್ತು ನಡುಮುಳ್ಳು ಇರುವ ದುಂಡು ತುಂಡು ಸಾಕಷ್ಟು ಹೇಳುತ್ತದೆ.

ಮೊದಲು ಆಕಾರ. ಅಂಜಲ್‌ನ ತುಂಡನ್ನು ತಟ್ಟೆಯಲ್ಲಿ ಮಲಗಿಸಿ ನೋಡಿದರೆ ಅದು ಮೊಟ್ಟೆಯಾಕಾರ. ಬೆನ್ನಿನಿಂದ ಹೊಟ್ಟೆಗೆ ಉದ್ದ ಹೆಚ್ಚು, ಪಕ್ಕದಿಂದ ಪಕ್ಕಕ್ಕೆ ಅಗಲ ಕಡಿಮೆ. ಬರಾಕುಡದ ಮೈ ಉರುಳೆ, ಆದ್ದರಿಂದ ಅದರ ತುಂಡು ಹೆಚ್ಚುಕಡಿಮೆ ಗುಂಡಗಿರುತ್ತದೆ. ಕೋಬಿಯಾದ ತುಂಡೂ ಗುಂಡಗೆ. ಕ್ವೀನ್‌ಫಿಶ್ ಇದಕ್ಕೆ ತದ್ವಿರುದ್ಧ, ತೆಳ್ಳಗೆ ಚಪ್ಪಟೆಯಾಗಿ ಎತ್ತರಕ್ಕಿರುತ್ತದೆ.

ಆಮೇಲೆ ಚರ್ಮ. ಬೆರಳ ತುದಿಯನ್ನು ಬಾಲದ ಕಡೆಯಿಂದ ತಲೆಯ ಕಡೆಗೆ ಎಳೆಯಿರಿ. ಅಂಜಲ್‌ಗೆ ಹುರುಪೆ ಇದೆಯೋ ಇಲ್ಲವೋ ಎನ್ನುವಷ್ಟು ನುಣುಪು. ಬೆನ್ನು ನೀಲಿ ಬೆರೆತ ಬೂದು, ಪಕ್ಕೆ ಬೆಳ್ಳಿ, ಅದರ ಮೇಲೆ ಪಟ್ಟೆಯೋ ಚುಕ್ಕೆಯೋ. ಐಸ್‌ನಲ್ಲಿ ಕೆಲವು ದಿನ ಇದ್ದರೆ ಪಟ್ಟೆ ಮಾಸುತ್ತದೆ, ಆದರೆ ಓರೆಯಾಗಿ ಬೆಳಕಿಗೆ ಹಿಡಿದರೆ ಅದರ ನೆರಳು ಕಾಣುತ್ತದೆ. ಬರಾಕುಡಕ್ಕೆ ಸ್ಪಷ್ಟವಾದ ಹುರುಪೆಗಳಿವೆ. ಕೆರೆದು ತೆಗೆದರೂ ಅವು ಕೂತಿದ್ದ ಗೂಡುಗಳ ಜಾಲ ಚರ್ಮದಲ್ಲಿ ಉಳಿಯುತ್ತದೆ. ಕೋಬಿಯಾದ ಚರ್ಮ ದಪ್ಪ, ಗಾಢ ಕಂದು, ಪಕ್ಕೆಯಲ್ಲಿ ತಿಳಿಬಣ್ಣದ ಉದ್ದ ಪಟ್ಟಿ. ಕ್ವೀನ್‌ಫಿಶ್‌ನ ಚರ್ಮವನ್ನು ಹತ್ತಿರದಿಂದ ನೋಡಿದರೆ ಸೂಜಿಯಂಥ ಸಣ್ಣ ಹುರುಪೆಗಳು ಒಳಗೆ ಹುದುಗಿರುತ್ತವೆ. ತಾಟೆಯದು ಮರಳು ಕಾಗದದ ಹಾಗೆ ತರಿತರಿ. ಅದರ ನಡುವೆ ಗಟ್ಟಿ ಮುಳ್ಳಿನ ಬದಲು ಚಾಕು ಸಲೀಸಾಗಿ ಇಳಿಯುವ ಮೃದ್ವಸ್ಥಿ ಇರುತ್ತದೆ, ಹಳತಾದರೆ ಅಮೋನಿಯಾದ ಘಾಟು ಬರುತ್ತದೆ.

ಆದರೆ ಇವೆಲ್ಲಕ್ಕಿಂತ ಖಚಿತವಾದ ಗುರುತು ಇರುವುದು ಜನ ಬೇಡವೆಂದು ಬಿಟ್ಟುಬರುವ ಬಾಲದ ತುಂಡಿನಲ್ಲಿ. ಅಂಜಲ್, ಬಂಗುಡೆ, ಕೇದರೆ (ಟ್ಯೂನಾ) ಒಂದೇ ಕುಟುಂಬದವು. ಈ ಕುಟುಂಬದ ಎಲ್ಲ ಮೀನುಗಳಿಗೂ ಬೆನ್ನಿನ ಎರಡನೆಯ ಈಜುರೆಕ್ಕೆಯ ಹಿಂದೆ ಬಾಲದವರೆಗೆ, ಹಾಗೆಯೇ ಕೆಳಗೂ, ಪುಟ್ಟ ಪುಟ್ಟ ಬಿಡಿ ರೆಕ್ಕೆಗಳ ಸಾಲು ಇರುತ್ತದೆ. ಮನೆಗೆ ತಂದ ಬಂಗುಡೆಯ ಬಾಲವನ್ನು ಒಮ್ಮೆ ಗಮನಿಸಿದರೆ ಸಾಕು, ಮತ್ತೆ ಮರೆಯುವುದಿಲ್ಲ. ಬರಾಕುಡಕ್ಕೆ ಇದಿಲ್ಲ, ಕೋಬಿಯಾಕ್ಕೂ ಇಲ್ಲ. ಕ್ವೀನ್‌ಫಿಶ್‌ಗೆ ಇಂಥದೇನೋ ಕಾಣುತ್ತದೆ, ಆದರೆ ಅದರ ಚಪ್ಪಟೆ ಮೈ ಅದನ್ನು ಬಿಟ್ಟುಕೊಡುತ್ತದೆ. ಅಂಜಲ್‌ನ ಬಾಲದ ಬುಡದಲ್ಲಿ ಎರಡೂ ಪಕ್ಕ ಗಟ್ಟಿಯಾದ ಏಣೂ ಕೈಗೆ ಸಿಗುತ್ತದೆ. ಆದ್ದರಿಂದ ತುಂಡು ತರಿಸುವಾಗ ‘ಬಾಲದ ತುಂಡನ್ನೂ ಹಾಕಿ’ ಎಂದು ಹೇಳಿ. ಅದಕ್ಕೆ ಒಪ್ಪದ ಅಂಗಡಿಯಿಂದ ಅಂಜಲ್ ಕೊಳ್ಳಬೇಡಿ ಎಂದೇ ನನ್ನ ಸಲಹೆ.

ಇಡೀ ಮೀನು ಸಿಕ್ಕರಂತೂ ಕೆಲಸ ಸುಲಭ. ಬರಾಕುಡದ ಕೆಳದವಡೆ ಮುಂದಕ್ಕೆ ಚಾಚಿಕೊಂಡಿದ್ದು, ಕೋರೆಹಲ್ಲುಗಳು ಕಾಣುತ್ತವೆ. ಬೆನ್ನಿನ ಎರಡು ರೆಕ್ಕೆಗಳ ನಡುವೆ ದೊಡ್ಡ ಅಂತರವಿರುತ್ತದೆ. ಕೋಬಿಯಾದ ತಲೆ ಅಗಲವಾಗಿ ಚಪ್ಪಟೆ. ವಾಹೂವಿನ ಮೂತಿ ಅಂಜಲ್‌ನದಕ್ಕಿಂತ ಉದ್ದ. ಎರಡನ್ನೂ ಬೇರ್ಪಡಿಸಲು ಪಕ್ಕೆಯ ಮೇಲಿನ ಸಣ್ಣ ಗೆರೆಯನ್ನು ಹಿಂಬಾಲಿಸಿ. ಪಟ್ಟೆ ಅಂಜಲ್‌ನಲ್ಲಿ ಅದು ಬಹುದೂರ ನೇರವಾಗಿ ಸಾಗಿ, ಬೆನ್ನಿನ ಎರಡನೆಯ ರೆಕ್ಕೆ ಮುಗಿಯುವಲ್ಲಿ ಥಟ್ಟನೆ ಕೆಳಗಿಳಿಯುತ್ತದೆ. ವಾಹೂವಿನಲ್ಲಿ ಮೊದಲ ರೆಕ್ಕೆಯ ಕೆಳಗೇ ಇಳಿದುಬಿಡುತ್ತದೆ.

ನೀವು ಕೇಳಿದ್ದು ಅಂಜಲ್ ಬಗ್ಗೆಯಾದರೂ ಮಾಂಜಿಯ ಮಾತನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಒಳನಾಡಿನಲ್ಲಿ ಅತಿ ಹೆಚ್ಚು ಜನ ಮೋಸಹೋಗುವುದು ಅದರಲ್ಲೇ. ರೂಪ್‌ಚಂದ್ ಎಂಬ ಮೀನನ್ನು ನೀವು ನೋಡಿರುತ್ತೀರಿ. ಅಗಲ ಮೈ, ಹೊಟ್ಟೆ ಕೆಂಪು. ಅದು ದಕ್ಷಿಣ ಅಮೆರಿಕದ ಸಿಹಿನೀರಿನ ಪಾಕು. ಈಗ ಆಂಧ್ರ, ಪಶ್ಚಿಮ ಬಂಗಾಳದ ಕೊಳಗಳಲ್ಲಿ ರಾಶಿರಾಶಿಯಾಗಿ ಬೆಳೆಯುತ್ತದೆ. ಬೆಲೆ ಮಾಂಜಿಯ ಒಂದು ಪಾಲಷ್ಟೆ. ಸಿಹಿನೀರಿನ ಪಾಂಫ್ರೆಟ್ ಎಂದು ಕರೆಯುವುದರಿಂದ ಆರಂಭವಾಗಿ, ಹೋಟೆಲ್ ತಲುಪುವ ಹೊತ್ತಿಗೆ ಬರೀ ಪಾಂಫ್ರೆಟ್ ಆಗಿಬಿಡುತ್ತದೆ. ಮಸಾಲೆ ಹಚ್ಚಿ ತವಾದಲ್ಲಿ ಹುರಿದ ಮೇಲೂ ಇದನ್ನು ಹಿಡಿಯಬಹುದು. ಬಿಳಿ ಮಾಂಜಿಗೆ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳೇ ಇಲ್ಲ, ರೂಪ್‌ಚಂದ್‌ಗೆ ಇವೆ. ರೂಪ್‌ಚಂದ್‌ನ ಬೆನ್ನಿನ ರೆಕ್ಕೆ ಮತ್ತು ಬಾಲದ ನಡುವೆ ಮುಳ್ಳಿಲ್ಲದ, ಮಾಂಸದ ಚೂರಿನಂಥ ಇನ್ನೊಂದು ಪುಟ್ಟ ರೆಕ್ಕೆ ಇರುತ್ತದೆ, ಮಾಂಜಿಗೆ ಅದಿಲ್ಲ. ಇಷ್ಟೂ ಸಾಲದಿದ್ದರೆ ಬಾಯಿ ತೆರೆದು ನೋಡಿ. ಪಾಕುವಿನ ಹಲ್ಲುಗಳು ಮನುಷ್ಯರ ದವಡೆಹಲ್ಲಿನ ಹಾಗಿರುತ್ತವೆ, ಒಮ್ಮೆ ನೋಡಿದವರು ಬೆಚ್ಚುತ್ತಾರೆ. ಮಾಂಜಿಯ ಬಾಯಿ ಪುಟ್ಟದು, ಹಲ್ಲು ಕಾಣುವುದೇ ಕಷ್ಟ.

ಕಪ್ಪು ಮಾಂಜಿಯೂ ವಿಜ್ಞಾನದ ಲೆಕ್ಕದಲ್ಲಿ ಮಾಂಜಿಯಲ್ಲ, ಬೇರೆ ಕುಟುಂಬದ್ದು. ಬಾಲದ ಬುಡದಲ್ಲಿ ಬೆರಳಾಡಿಸಿದರೆ ಗಡುಸಾದ ಹುರುಪೆಗಳ ಸಾಲು ತಾಗುತ್ತದೆ. ಆದರೆ ಕರಾವಳಿಯಲ್ಲಿ ಅದನ್ನು ಮೊದಲಿನಿಂದಲೂ ಕಪ್ಪು ಮಾಂಜಿ ಎಂದೇ ಕರೆದು, ಅದರದೇ ಬೆಲೆಗೆ ಮಾರುತ್ತಾರೆ. ಕೊಳ್ಳುವವರಿಗೂ ಮಾರುವವರಿಗೂ ತಿಳಿದಿರುವ ಹೆಸರಿನಲ್ಲಿ ಮೋಸವಿಲ್ಲ. ರೂಪ್‌ಚಂದ್‌ನ ವಿಷಯದಲ್ಲಿ ಆ ತಿಳಿವಳಿಕೆ ಒಂದು ಕಡೆಗೆ ಮಾತ್ರ ಇರುತ್ತದೆ.

ಮುಳ್ಳಿಲ್ಲದ ಬಿಳಿ ಫಿಲೆಟ್‌ನ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಹೋಟೆಲಿನಲ್ಲಿ ಬರೀ ‘ಫಿಶ್ ಫಿಂಗರ್’, ‘ಫಿಶ್ ಟಿಕ್ಕಾ’ ಎಂದಿದ್ದರೆ ಅದು ಬಾಸಾ ಇರಬಹುದು ಎಂದುಕೊಂಡೇ ತಿನ್ನಿ. ವಿಯೆಟ್ನಾಂನಿಂದ ಬರುವ, ಈಗ ಆಂಧ್ರದಲ್ಲೂ ಬೆಳೆಸುವ ಪಂಗಾಸಿಯಸ್ ಎಂಬ ಬೆಕ್ಕುಮೀನಿನ ಜಾತಿ ಅದು. ತಿನ್ನಲು ಅಡ್ಡಿಯಿಲ್ಲ. ಆದರೆ ಅದಕ್ಕೆ ಕಡಲ ಮೀನಿನ ಹೆಸರು ಹೇಳಿ ಕಡಲ ಮೀನಿನ ಬೆಲೆ ಪಡೆಯುವುದು ತಪ್ಪು. ‘ಏಡಿ ಕಡ್ಡಿ’ ಎಂದು ಮಾರುವ ಕೆಂಪು ಅಂಚಿನ ಬಿಳಿ ಕಡ್ಡಿಗಳಲ್ಲೂ ಸಾಮಾನ್ಯವಾಗಿ ಏಡಿಯ ಮಾಂಸ ಮುಖ್ಯವಲ್ಲ. ಮೀನಿನ ಮಾಂಸವನ್ನು ಅರೆದು ತೊಳೆದು ಮಾಡಿದ ಸುರಿಮಿ ಅದು. ನಮ್ಮ ದೇಶದಲ್ಲಿ ಸುರಿಮಿ ಹೆಚ್ಚಾಗಿ ತಯಾರಾಗುವುದು ನಮ್ಮ ಕರಾವಳಿಯವರು ಸಾರು ಮಾಡುವ ಮದಿಮಾಲ್ ಮೀನಿನಿಂದ.

ಇನ್ನೊಂದು ಗುರುತು ಮೀನಿನಲ್ಲಿಲ್ಲ, ಪಂಚಾಂಗದಲ್ಲಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆ ಎರಡು ತಿಂಗಳು ನಮ್ಮ ಕಡಲಿನಲ್ಲಿ ನಾಡದೋಣಿಗಳಿಗೆ ಸಿಕ್ಕಷ್ಟೇ ಮೀನು. ಉಳಿದದ್ದು ಪೂರ್ವ ಕರಾವಳಿಯದು, ಒಮಾನ್‌ನಂಥ ಹೊರದೇಶದ್ದು, ಇಲ್ಲವೇ ಶೀತಲಗೃಹದ್ದು. ಜುಲೈ ತಿಂಗಳ ನಡುವೆ ‘ಇವತ್ತು ಬೆಳಿಗ್ಗೆ ಮಲ್ಪೆಯಿಂದ ಬಂದ ತಾಜಾ ಅಂಜಲ್’ ಎಂದು ರಾಶಿ ಹಾಕಿಕೊಂಡು ಯಾರಾದರೂ ಹೇಳಿದರೆ ಅದು ಯಾವ ದೋಣಿಯ ಮೀನು ಎಂದು ಕೇಳುವ ಹಕ್ಕು ನಿಮಗಿದೆ. ಬೇಡಿಕೆ ಇದ್ದು ಮಾಲಿಲ್ಲದ ಈ ಅವಧಿಯಲ್ಲಿ ಅಂಜಲ್ ಬೆಲೆ ಕಿಲೋಗೆ ಸಾವಿರ ರೂಪಾಯಿ ದಾಟುವುದು ಸಾಮಾನ್ಯ, ಬದಲಿ ಮೀನು ನುಸುಳಲು ಹೊಂಚುಹಾಕುವುದೂ ಆಗಲೇ.

ಆರೋಗ್ಯದ ಪ್ರಶ್ನೆ. ನಿಮ್ಮ ತಟ್ಟೆಗೆ ಬಂದದ್ದು ಕೋಬಿಯಾ ಅಥವಾ ಕ್ವೀನ್‌ಫಿಶ್ ಆಗಿದ್ದರೆ ಗಾಬರಿ ಬೇಡ, ಅವು ಕೂಡ ತಿನ್ನುವ ಮೀನುಗಳೇ. ಆದರೆ ಎಲ್ಲ ಬದಲಿಗಳೂ ಇಷ್ಟು ನಿರುಪದ್ರವಿಯಲ್ಲ. ಎಸ್ಕೋಲಾರ್ ಮತ್ತು ಆಯಿಲ್‌ಫಿಶ್ ಎಂಬ ಆಳಕಡಲಿನ ಮೀನುಗಳ ಮಾಂಸದಲ್ಲಿ ನಮ್ಮ ಕರುಳು ಜೀರ್ಣಿಸಲಾಗದ ಮೇಣದಂಥ ಕೊಬ್ಬು ತುಂಬಿರುತ್ತದೆ. ಹೆಚ್ಚು ತಿಂದವರಿಗೆ ಎಣ್ಣೆಯೇ ಭೇದಿಯಾಗಿ ಹೊರಬರುತ್ತದೆ. ಜಪಾನ್ ಎಸ್ಕೋಲಾರ್ ಮಾರಾಟವನ್ನೇ ನಿಷೇಧಿಸಿದೆ. ಆದರೂ ಓಷಿಯಾನಾದ ಅದೇ ವರದಿಯಲ್ಲಿ ‘ಬಿಳಿ ಟ್ಯೂನಾ’ ಎಂದು ಮಾರಿದ ಮಾದರಿಗಳಲ್ಲಿ ಶೇ 84ರಷ್ಟು ಎಸ್ಕೋಲಾರ್ ಆಗಿತ್ತು. ಹಾಂಗ್‌ಕಾಂಗ್‌ನಲ್ಲಿ 2007ರಲ್ಲಿ ಕಾಡ್ ಎಂದು ನಂಬಿ ಆಯಿಲ್‌ಫಿಶ್ ತಿಂದ ನೂರಾರು ಜನ ಹೊಟ್ಟೆ ಹಿಡಿದುಕೊಳ್ಳಬೇಕಾಯಿತು. ಅದೇ ವರ್ಷ ಅಮೆರಿಕದ ಶಿಕಾಗೊದಲ್ಲಿ ಮಂಕ್‌ಫಿಶ್ ಎಂಬ ಚೀಟಿ ಹೊತ್ತು ಬಂದ ಮೀನು ತಿಂದವರಿಗೆ ವಿಷವೇರಿತು. ಪರೀಕ್ಷಿಸಿದಾಗ ಅದು ಮಾರಕ ನಂಜಿರುವ ಪಫರ್ ಮೀನು ಎಂದು ತಿಳಿಯಿತು.

ಇದು ದೂರದ ಕತೆ ಎನಿಸಿದರೆ ಮಂಗಳೂರಿನದನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಕೆಂಬೇರಿ (ಸ್ನ್ಯಾಪರ್) ಮೀನು ತಿಂದ ಹಲವರಿಗೆ ವಾಂತಿ, ಭೇದಿ, ಬಾಯಿ ಮತ್ತು ಕೈಕಾಲುಗಳಲ್ಲಿ ಜೋಮು ಕಾಣಿಸಿಕೊಂಡಿತು. ಅದು ಸಿಗುವಾಟೆರಾ ಎಂಬ ನಂಜು. ಹವಳದ ದಿಬ್ಬಗಳ ಪಾಚಿಯಲ್ಲಿರುವ ಸೂಕ್ಷ್ಮಜೀವಿಯಿಂದ ಹೊರಟು ಸಣ್ಣ ಮೀನಿಂದ ದೊಡ್ಡ ಮೀನಿಗೆ ಸಾಗುತ್ತಾ ಒಟ್ಟುಗೂಡುವ ಈ ನಂಜು ಬೇಯಿಸಿದರೂ ಹೋಗದು, ಹೆಪ್ಪುಗಟ್ಟಿಸಿದರೂ ಹೋಗದು, ರುಚಿಯಲ್ಲೂ ವಾಸನೆಯಲ್ಲೂ ತಿಳಿಯದು. ಕೆಂಬೇರಿ ಎಂದು ಕರೆಯುವ ಮೀನುಗಳಲ್ಲಿ ಹಲವು ಜಾತಿಗಳಿವೆ. ಈ ನಂಜಿಗೆ ಹೆಸರಾದದ್ದು ಅವುಗಳಲ್ಲಿ ಹವಳದ ದಿಬ್ಬಗಳ ನಡುವೆ ಬದುಕುವ ಒಂದು ಜಾತಿ. ಮೀನು ಯಾವುದು, ಯಾವ ಕಡಲಿನದು ಎಂಬ ಮಾಹಿತಿ ಮೀನಿನ ಜೊತೆಗೇ ಬರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ವೈದ್ಯರ ಮುಂದೆ ಕೂತಾಗ ‘ಏನು ತಿಂದಿರಿ’ ಎಂಬ ಪ್ರಶ್ನೆಗೆ ಸುಳ್ಳು ಹೆಸರು ಹೇಳುವಂತಾದರೆ ಚಿಕಿತ್ಸೆಯೂ ದಾರಿ ತಪ್ಪುತ್ತದೆ. ಮೀನಿನ ಅಲರ್ಜಿ ಇರುವವರಿಗೂ ಇದೇ ಅಪಾಯ.

ಅಸಲಿ ಅಂಜಲ್ ಆದ ಮಾತ್ರಕ್ಕೆ ಸುರಕ್ಷಿತ ಎಂದೂ ತಿಳಿಯಬೇಡಿ. ಅಂಜಲ್, ಬಂಗುಡೆ, ಕೇದರೆಗಳನ್ನು ಹಿಡಿದ ಮೇಲೆ ಐಸ್ ಇಲ್ಲದೆ ಬಿಸಿಲಿನಲ್ಲಿ ಬಿಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟಿಕೊಂಡು, ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಹುರಿದರೂ ಹೋಗದು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ನನ್ನನ್ನು ಹೆಚ್ಚು ಕಾಡುವ ನಷ್ಟ ಇನ್ನೊಂದಿದೆ. ಅಂಜಲ್ ಕಡಿಮೆಯಾದಾಗ ಅದು ಕಡಿಮೆಯಾಗಿದೆ ಎಂದು ಊಟ ಮಾಡುವವರಿಗೆ ಗೊತ್ತಾಗಬೇಕು. ಹೆಸರು ಹೊತ್ತ ಬದಲಿ ಮೀನು ವರ್ಷವಿಡೀ ತಟ್ಟೆ ತುಂಬುತ್ತಿದ್ದರೆ ಕಡಲಿನಲ್ಲಿ ಎಲ್ಲ ಸರಿಯಾಗಿದೆ ಎಂದೇ ಎಲ್ಲರೂ ನಂಬುತ್ತಾರೆ. ಬೀಡುಬಲೆ ಹಾಕಿ ರಾತ್ರಿಯಿಡೀ ಕಾದು ಅಸಲಿ ಅಂಜಲ್ ತಂದ ಮೀನುಗಾರನಿಗೆ ಸಿಗಬೇಕಾದ ಬೆಲೆಯೂ ಈ ನಕಲಿಯಿಂದ ಕುಸಿಯುತ್ತದೆ. ಬದಲಿ ಮೀನಿಗೂ ಅನ್ಯಾಯವೇ. ಕೋಬಿಯಾ ಬಹಳ ಒಳ್ಳೆಯ ಮೀನು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರದಲ್ಲಿ 2010ರಲ್ಲಿ ಅದನ್ನು ಸೆರೆಯಲ್ಲಿ ಮರಿಮಾಡಿಸಿದಾಗ ಪಂಜರ ಕೃಷಿಗೇ ಹೊಸ ದಾರಿ ತೆರೆಯಿತು. ಅಂಥ ಮೀನು ತನ್ನದೇ ಹೆಸರಿನಲ್ಲಿ ಗಿರಾಕಿ ಸಂಪಾದಿಸಬೇಕೇ ಹೊರತು ಅಂಜಲ್‌ನ ಚೀಟಿಯ ಹಿಂದೆ ಅಡಗಬಾರದು.

ಕಾನೂನು ಬಿಗಿಯಾದರೆ ಪರಿಸ್ಥಿತಿ ಸುಧಾರಿಸುತ್ತದೆ ಎಂಬುದಕ್ಕೆ ಯುರೋಪ್ ಸಾಕ್ಷಿ. ಅಲ್ಲಿ ಮೀನು ಮಾರುವಾಗ ವ್ಯಾಪಾರದ ಹೆಸರಿನ ಜೊತೆ ವೈಜ್ಞಾನಿಕ ಹೆಸರು, ಹಿಡಿದದ್ದೋ ಸಾಕಿದ್ದೋ, ಯಾವ ಕಡಲಿನದು, ಯಾವ ಬಲೆಯದು ಎಂಬುದನ್ನೂ ಬರೆಯಬೇಕೆಂಬ ನಿಯಮ 2014ರ ಕೊನೆಯಿಂದ ಜಾರಿಯಲ್ಲಿದೆ. ಆರು ದೇಶಗಳ 19 ನಗರಗಳ ಅಂಗಡಿಗಳಿಂದ ತಂದ ಮಾದರಿಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಪ್ಪು ಹೆಸರಿನ ಪ್ರಮಾಣ ಶೇ 5ರ ಆಸುಪಾಸಿಗೆ ಇಳಿದಿತ್ತು. ನಮ್ಮಲ್ಲಿ ಪ್ಯಾಕೆಟ್ ಆಹಾರಕ್ಕೆ ಚೀಟಿಯ ನಿಯಮಗಳಿವೆ. ಬಿಡಿಯಾಗಿ ತೂಗಿ ಕೊಡುವ ಮೀನಿಗೆ ಅಷ್ಟು ವಿವರ ಕೇಳುವ ಪದ್ಧತಿ ಇನ್ನೂ ಬಂದಿಲ್ಲ. ಮನೆಬಾಗಿಲಿಗೆ ಮೀನು ತಲುಪಿಸುವ ದೊಡ್ಡ ವ್ಯಾಪಾರಿಗಳಿಂದಲಾದರೂ ಇದನ್ನು ಮೊದಲು ಶುರುಮಾಡಿಸಬೇಕು, ಅವರಿಗೆ ಇದು ಕಷ್ಟವೇನಲ್ಲ.

ಹಾಗೆಂದು ನೀವು ಕೈಕಟ್ಟಿ ಕೂರಬೇಕಾಗಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 50ನೇ ಕಲಂ ನಿಮ್ಮ ಪ್ರಕರಣಕ್ಕೇ ಬರೆದಂತಿದೆ. ಗಿರಾಕಿ ಕೇಳಿದ ಸ್ವರೂಪದ, ವಸ್ತುವಿನ ಅಥವಾ ಗುಣಮಟ್ಟದ ಆಹಾರವನ್ನು ಕೊಡದೆ ಬೇರೆಯದನ್ನು ಮಾರಿ ಆತನಿಗೆ ಹಾನಿ ಮಾಡಿದವರಿಗೆ ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಣ್ಣ ವ್ಯಾಪಾರಿಗಳಿಗೆ ಈ ಮಿತಿ 25,000 ರೂಪಾಯಿ. ಬುಟ್ಟಿ ವ್ಯಾಪಾರದವರನ್ನೂ ದೊಡ್ಡ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗದಿರುವುದು ನನಗೆ ಸರಿಯೆನಿಸುತ್ತದೆ. ಅದೇ ಕಾಯ್ದೆಯ 40ನೇ ಕಲಂ ಪ್ರಕಾರ ಸಾಮಾನ್ಯ ಗಿರಾಕಿಯೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಮಾಲು ಕಾಯ್ದೆಗೆ ತಕ್ಕಂತಿಲ್ಲ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ. ಆದರೆ ಒಂದು ಷರತ್ತಿದೆ. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವ ಸಮಯದಲ್ಲೇ ಮಾರುವವರಿಗೆ ತಿಳಿಸಬೇಕು. ಆದ್ದರಿಂದ ನೀವು ಈಗಾಗಲೇ ತಿಂದ ಮೀನಿನ ವಿಷಯದಲ್ಲಿ ಈ ದಾರಿ ಮುಚ್ಚಿದೆ, ಮುಂದಿನ ಖರೀದಿಗೆ ತೆರೆದಿದೆ.

ಜಾತಿಯನ್ನು ಖಚಿತವಾಗಿ ಹೇಳುವ ಪರೀಕ್ಷೆ ಎಂದರೆ ಡಿಎನ್‌ಎ ಬಾರ್‌ಕೋಡಿಂಗ್. ಪ್ರತಿ ಜೀವಿಯ ಕೋಶದಲ್ಲಿರುವ ಒಂದು ನಿರ್ದಿಷ್ಟ ಜೀನಿನ ಸುಮಾರು 650 ಅಕ್ಷರಗಳಷ್ಟು ಉದ್ದವನ್ನು ಓದಿ, ಗೊತ್ತಿರುವ ಜಾತಿಗಳ ಸಂಗ್ರಹದೊಡನೆ ಹೋಲಿಸುವ ವಿಧಾನ ಇದು. ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಮುಂದಿಟ್ಟರು. ಹಸಿ ತುಂಡಿನಲ್ಲಿ ಫಲಿತಾಂಶ ಚೆನ್ನಾಗಿ ಬರುತ್ತದೆ. ಬೆಂದ ಮೀನಿನಲ್ಲಿ ಡಿಎನ್‌ಎ ಚೂರಾಗಿರುವುದರಿಂದ ಅದೇ ಜೀನಿನ ಚಿಕ್ಕ ಭಾಗವನ್ನು ಓದಬೇಕಾಗುತ್ತದೆ. ಅಂಜಲ್ ಮತ್ತು ಬರಾಕುಡದಂಥ ದೂರದ ಮೀನುಗಳನ್ನು ಇದು ನಿಸ್ಸಂಶಯವಾಗಿ ಬೇರ್ಪಡಿಸುತ್ತದೆ. ಬಹಳ ಹತ್ತಿರದ ಟ್ಯೂನಾ ಜಾತಿಗಳ ನಡುವೆ ಮಾತ್ರ ಕೆಲವೊಮ್ಮೆ ತಡವರಿಸುತ್ತದೆ.

ಮತ್ತೆ ತರಿಸುವಾಗ ಇಷ್ಟು ಮಾಡಿ. ಬಿಲ್ಲಿನಲ್ಲಿ ಬರೀ ‘ಮೀನು’ ಎಂದಲ್ಲದೆ ಅಂಜಲ್ ಎಂದು ಬರೆದಿರಲಿ, ಅಂಗಡಿಯ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯೂ ಇರಲಿ. ಪೊಟ್ಟಣ ಬಂದ ಕೂಡಲೇ, ತೊಳೆಯುವ ಮೊದಲೇ, ಚರ್ಮ ಕಾಣುವಂತೆ ಮತ್ತು ಕೊಯ್ದ ಮುಖ ಕಾಣುವಂತೆ ಬೇರೆ ಬೇರೆ ಫೋಟೊ ತೆಗೆಯಿರಿ. ಸಂಶಯ ಬಂದರೆ ಎಲ್ಲವನ್ನೂ ಮಸಾಲೆಗೆ ಹಾಕಬೇಡಿ. ಚರ್ಮವಿರುವ ಒಂದು ತುಂಡನ್ನು ಶುಭ್ರವಾದ ಚೀಲದಲ್ಲಿ ಕಟ್ಟಿ, ದಿನಾಂಕ ಬರೆದು, ಫ್ರೀಜರಿನಲ್ಲಿ ಬೇರೆಯಾಗಿಡಿ. ಅಂಗಡಿಯವರಿಗೆ ಫೋನ್ ಮಾಡುವುದಕ್ಕಿಂತ ಬರಹದಲ್ಲಿ ಕೇಳಿ, ಉತ್ತರವೂ ಬರಹದಲ್ಲೇ ಬರಲಿ. ಸಮಾಧಾನವಾಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಮತ್ತು ನಿಮ್ಮ ಪ್ರದೇಶದ ಆಹಾರ ಸುರಕ್ಷತಾ ಅಧಿಕಾರಿಗೆ ಬಿಲ್ಲು, ಫೋಟೊಗಳೊಡನೆ ದೂರು ಕೊಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸಾಧ್ಯವಾದರೆ ಪಕ್ಕದ ಎರಡು ಮನೆಯವರನ್ನು ಸೇರಿಸಿಕೊಂಡು ಇಡೀ ಅಂಜಲ್ ಒಂದನ್ನೇ ಕೊಂಡು, ಕಣ್ಣೆದುರಿಗೇ ಕೊಯ್ಸಿ ಹಂಚಿಕೊಳ್ಳಿ. ತಲೆಯನ್ನು ಅಲ್ಲೇ ಬಿಟ್ಟುಬರಬೇಡಿ, ಅದರ ಪುಳಿಮುಂಚಿ ತುಂಡಿನ ಹುರಿಗಿಂತ ರುಚಿ.